ಕರ್ತೃ ಯಾರು, ಕ್ರಿಯೆ ಯಾವುದು: ಕಾಲೇಜಿಗೆ ಬೇಕಾದಷ್ಟು ಕನ್ನಡ ವ್ಯಾಕರಣ

ಪಿಯುಸಿ ಮುಗಿಸಿ ಪದವಿ ತರಗತಿಗೆ ಬಂದವರಲ್ಲಿ ಬಹಳ ಮಂದಿಗೆ ಲೋಪ, ಆಗಮ, ಆದೇಶ ಸಂಧಿಗಳು ಬಾಯಿಪಾಠವಾಗಿರುತ್ತವೆ. ‘ಮುಕ್ಕಣ್ಣ’ ಯಾವ ಸಮಾಸ ಎಂದು ಕೇಳಿದರೆ ಬಹುವ್ರೀಹಿ ಎಂದು ತಟ್ಟನೆ ಹೇಳುತ್ತಾರೆ. ಅದೇ ವಿದ್ಯಾರ್ಥಿಗೆ ತನ್ನ ಊರಿನ ಕೆರೆಯ ಬಗ್ಗೆ ಹತ್ತು ಸಾಲು ಬರೆಯಲು ಹೇಳಿ ನೋಡಿ. ಮೂರನೆಯ ಸಾಲಿಗೆ ಪೆನ್ನು ನಿಲ್ಲುತ್ತದೆ. ಬರೆದ ಎರಡು ಸಾಲಿನಲ್ಲೂ ಕ್ರಿಯಾಪದ ಒಂದು ಕಡೆ, ಕರ್ತೃಪದ ಇನ್ನೊಂದು ಕಡೆ ಎಳೆಯುತ್ತಿರುತ್ತದೆ.

ಇದು ಜಾಣತನದ ಕೊರತೆಯಲ್ಲ. ಶಾಲೆಯಲ್ಲಿ ಕಲಿಸುವ ವ್ಯಾಕರಣ ಹೆಚ್ಚಾಗಿ ಪದವನ್ನು ಬಿಡಿಸುವ ವಿದ್ಯೆ. ಕಾಲೇಜು ಕೇಳುವುದು ವಾಕ್ಯವನ್ನು ಕಟ್ಟುವ ವಿದ್ಯೆ. ಬಿಡಿಸಿ ಬರೆಯುವುದರಲ್ಲಿ ಪೂರ್ತಿ ಅಂಕ ಪಡೆದವರಿಗೂ ಕಟ್ಟುವ ಅಭ್ಯಾಸ ಆಗಿರುವುದಿಲ್ಲ. ಬಿ.ಎ. ಓದುವ ಎಷ್ಟೋ ಮಕ್ಕಳು ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರದ ಉತ್ತರಗಳನ್ನೂ ಕನ್ನಡದಲ್ಲೇ ಬರೆಯುತ್ತಾರೆ. ಅವರಿಗೆ ಭಾಷೆ ಒಂದು ಪತ್ರಿಕೆಯ ಮಾತಲ್ಲ, ಇಡೀ ಪದವಿಯ ಮಾತು. ವಿಷಯ ಗೊತ್ತಿದ್ದೂ ವಾಕ್ಯ ಕೈಕೊಟ್ಟು ಅಂಕ ಹೋಗುವುದು ನಿಜಕ್ಕೂ ಬೇಸರದ ಸಂಗತಿ, ಏಕೆಂದರೆ ಇದನ್ನು ಸರಿಪಡಿಸಿಕೊಳ್ಳಲು ಬೇಕಾದ ನಿಯಮಗಳು ಕೆಲವೇ ಕೆಲವು.

ಮೊದಲಿಗೇ ಒಂದು ಸಂಕೋಚವನ್ನು ಬಿಟ್ಟುಬಿಡಿ. ‘ನಮ್ಮ ಕಡೆಯ ಕನ್ನಡ ಸರಿಯಿಲ್ಲ, ಅದಕ್ಕೇ ಬರೆಯಲು ಬರುವುದಿಲ್ಲ’ ಎಂದು ಧಾರವಾಡ, ಕಲಬುರಗಿ ಕಡೆಯವರೂ ಕರಾವಳಿಯವರೂ ಹೇಳುವುದುಂಟು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಉರ್ದು, ತೆಲುಗು ಆಡುವವರಿಗಂತೂ ಈ ಅಳುಕು ಇನ್ನೂ ಹೆಚ್ಚು. ಬರೆಹದ ಕನ್ನಡ ಯಾರ ಮನೆಮಾತೂ ಅಲ್ಲ. ಮೈಸೂರಿನವರು ‘ಮಾಡ್ತಾವ್ರೆ’ ಎನ್ನಲಿ, ಹುಬ್ಬಳ್ಳಿಯವರು ‘ಮಾಡಾಕತ್ತಾರ’ ಎನ್ನಲಿ, ಪರೀಕ್ಷೆಯಲ್ಲಿ ‘ಮಾಡುತ್ತಿದ್ದಾರೆ’ ಎಂದು ಬರೆಯುವುದನ್ನು ಎಲ್ಲರೂ ಕಲಿತೇ ಕಲಿಯಬೇಕು. ನಿಮ್ಮ ಆಡುಮಾತಿನ ಯಾವ ಯಾವ ರೂಪಗಳು ಬರೆಹದಲ್ಲಿ ಬದಲಾಗುತ್ತವೆ ಎಂದು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಪಟ್ಟಿ ಮಾಡಿಕೊಳ್ಳಿ. ಇಪ್ಪತ್ತು ಮೂವತ್ತು ರೂಪಗಳಿಗಿಂತ ಹೆಚ್ಚು ಸಿಗಲಾರದು.

ಕ್ರಿಯಾಪದವನ್ನು ಹಿಡಿದು ಕೇಳಿ

ಕನ್ನಡದ ಕ್ರಿಯಾಪದದ ಬಾಲದಲ್ಲೇ ಕರ್ತೃ ಇರುತ್ತಾನೆ. ‘ಬಂದಳು’ ಎಂದರೆ ಸಾಕು, ಬಂದವಳು ಹೆಂಗಸು, ಒಬ್ಬಳೇ, ಈಗಾಗಲೇ ಬಂದಾಗಿದೆ ಎಂಬ ಮೂರೂ ತಿಳಿಯುತ್ತವೆ. ಈ ಅನುಕೂಲದಿಂದಾಗಿಯೇ ನಾವು ‘ನಾನು’, ‘ಅವಳು’ಗಳನ್ನು ಬಿಟ್ಟು ಮಾತಾಡುತ್ತೇವೆ. ಆದರೆ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬರುವುದರಿಂದ ಕರ್ತೃವಿಗೂ ಅದಕ್ಕೂ ನಡುವೆ ಹತ್ತು ಹದಿನೈದು ಪದ ತುಂಬಿಕೊಳ್ಳುತ್ತವೆ. ಬರೆಯುತ್ತಾ ಹೋದ ಹಾಗೆ ಕರ್ತೃ ಮರೆತುಹೋಗುತ್ತದೆ.

ಈ ವಾಕ್ಯ ನೋಡಿ: ‘ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿರುವ ಸರ್ಕಾರಿ ಶಾಲೆಗಳ ಪರಿಸ್ಥಿತಿ ಇತ್ತೀಚಿನ ವರ್ಷಗಳಲ್ಲಿ ಸುಧಾರಿಸಿವೆ.’ ಮೇಲ್ನೋಟಕ್ಕೆ ಏನೂ ತಪ್ಪು ಕಾಣದು. ಕ್ರಿಯಾಪದದ ಕೆಳಗೆ ಗೆರೆ ಎಳೆದು ‘ಸುಧಾರಿಸಿದ್ದು ಯಾವುದು?’ ಎಂದು ಕೇಳಿ. ಪರಿಸ್ಥಿತಿ. ಈಗ ನಡುವಿನದನ್ನೆಲ್ಲ ಬಿಟ್ಟು ಎರಡನ್ನೇ ಜೋಡಿಸಿ ಓದಿ: ‘ಪರಿಸ್ಥಿತಿ ಸುಧಾರಿಸಿವೆ’. ಕಿವಿಗೇ ತಪ್ಪು ಗೊತ್ತಾಗುತ್ತದೆ. ಹಳ್ಳಿಗಳು, ಶಾಲೆಗಳು, ವರ್ಷಗಳು ಎಂದು ಬಹುವಚನಗಳು ಸಾಲಾಗಿ ಬಂದು ಕ್ರಿಯಾಪದವನ್ನು ತಮ್ಮ ಕಡೆಗೆ ಎಳೆದುಕೊಂಡಿವೆ. ‘ಸುಧಾರಿಸಿದೆ’ ಎಂಬುದೇ ಸರಿ. ಕಾಲೇಜು ಉತ್ತರಗಳಲ್ಲಿ ಕಾಣುವ ವಾಕ್ಯದೋಷಗಳಲ್ಲಿ ಇದಕ್ಕಿಂತ ಸಾಮಾನ್ಯವಾದದ್ದು ನನಗೆ ಗೊತ್ತಿಲ್ಲ. ಇದೊಂದೇ ಪ್ರಶ್ನೆಯಿಂದ ಅದು ಸಿಕ್ಕಿಬೀಳುತ್ತದೆ.

ಗೌರವ ಬಹುವಚನಕ್ಕೂ ಇದೇ ಪರೀಕ್ಷೆ. ಪ್ಯಾರಾದ ಆರಂಭದಲ್ಲಿ ‘ಬಸವಣ್ಣನವರು ಹೇಳಿದರು’ ಎಂದು ಬರೆದವರು ನಾಲ್ಕನೇ ಸಾಲಿನಲ್ಲಿ ‘ಅವನ ವಚನಗಳಲ್ಲಿ’ ಎಂದು ಬರೆದರೆ ಓದುವವರಿಗೆ ಮುಜುಗರವಾಗುತ್ತದೆ. ಹಳೆಯ ಕವಿಗಳನ್ನು ‘ಪಂಪ ಬರೆದನು’ ಎಂದು ಏಕವಚನದಲ್ಲಿ ಹೇಳುವ ರೂಢಿ ವಿಮರ್ಶೆಯಲ್ಲಿ ಇದೆ, ಅದು ಅಗೌರವವೇನಲ್ಲ. ಯಾವುದನ್ನು ಹಿಡಿದರೂ ಕೊನೆಯವರೆಗೆ ಹಿಡಿಯಿರಿ. ಹಾಗೆಯೇ ‘ಶಿಕ್ಷಕರುಗಳು’, ‘ಅವರುಗಳು’ ಬೇಡ. ‘ಶಿಕ್ಷಕರು’ ಎಂಬುದೇ ಬಹುವಚನ, ಅದರ ಮೇಲೆ ಇನ್ನೊಂದು ಪ್ರತ್ಯಯ ಹೇರುವುದು ವ್ಯರ್ಥ.

ವಿಭಕ್ತಿ: ಎಲ್ಲಿ ಬಿಡಬಹುದು, ಎಲ್ಲಿ ಬಿಡಬಾರದು

ಪ್ರಥಮಾದಿಂದ ಸಪ್ತಮೀವರೆಗಿನ ಕೋಷ್ಟಕ ಎಲ್ಲರಿಗೂ ನೆನಪಿದೆ. ಪಂಚಮಿಗೆ ‘ದೆಸೆಯಿಂದ’ ಎಂದು ಕಲಿತಿದ್ದೇವೆ. ಆದರೆ ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎಂದು ಇಂದು ಯಾರೂ ಬರೆಯುವುದಿಲ್ಲ, ‘ಮರದಿಂದ’ ಎನ್ನುತ್ತೇವೆ. ನಮ್ಮ ಶಾಲಾ ವ್ಯಾಕರಣ ಸಂಸ್ಕೃತದ ಚೌಕಟ್ಟನ್ನು ಎರವಲು ತಂದು ಕನ್ನಡವನ್ನು ಅದರೊಳಗೆ ಕೂರಿಸಿದ್ದರ ಗುರುತು ಇದು. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕವನ್ನೇ ಬರೆದರು. ಅವರ ಎಲ್ಲ ತೀರ್ಮಾನಗಳನ್ನು ಒಪ್ಪಬೇಕೆಂದಿಲ್ಲ. ಆದರೆ ನಾವು ಆಡುವ ಕನ್ನಡ ಹೇಗೆ ನಡೆಯುತ್ತದೆ ಎಂದು ನೋಡುವ ಕಣ್ಣನ್ನು ಆ ಪುಸ್ತಕ ಕೊಡುತ್ತದೆ. ಪದವಿ ವಿದ್ಯಾರ್ಥಿಗಳು ಒಮ್ಮೆ ಓದಲೇಬೇಕು.

ಬರೆಯುವವರಿಗೆ ಹೆಚ್ಚು ತೊಡಕು ಕೊಡುವುದು ‘ಅನ್ನು’. ಮಾತಿನಲ್ಲಿ ‘ಪುಸ್ತಕ ಓದಿದೆ’, ‘ನೀರು ಕುಡಿದೆ’ ಎನ್ನುತ್ತೇವೆ, ಬರೆಹದಲ್ಲೂ ಇದು ನಡೆಯುತ್ತದೆ. ಪುಸ್ತಕ ತಾನಾಗಿ ಓದಲಾರದು, ಆದ್ದರಿಂದ ಗೊಂದಲವಿಲ್ಲ. ‘ಹುಲಿ ಬೇಟೆಗಾರ ಕೊಂದ’ ಎಂದಾಗ ಕಷ್ಟ ಶುರುವಾಗುತ್ತದೆ. ಕೊಲ್ಲುವ ಶಕ್ತಿ ಇಬ್ಬರಿಗೂ ಇದೆ, ಕೊಂದವರು ಯಾರೆಂದು ತಿಳಿಯಲು ಕೊನೆಯ ‘ಕೊಂದ’ ಬರುವವರೆಗೆ ಕಾಯಬೇಕು. ‘ಹುಲಿಯನ್ನು ಬೇಟೆಗಾರ ಕೊಂದ’ ಎಂದರೆ ಒಂದು ಕಥೆ, ‘ಹುಲಿ ಬೇಟೆಗಾರನನ್ನು ಕೊಂದಿತು’ ಎಂದರೆ ಇನ್ನೊಂದು. ಕ್ರಿಯೆಗೆ ಒಳಗಾದದ್ದು ಮನುಷ್ಯನೋ ಪ್ರಾಣಿಯೋ ಆಗಿದ್ದರೆ ‘ಅನ್ನು’ ಬಿಡಬೇಡಿ. ನಿರ್ಜೀವ ವಸ್ತುವಾದರೆ ವಾಕ್ಯದ ಲಯ ನೋಡಿ ಬಿಡಬಹುದು. ಪ್ರತಿ ನಾಮಪದಕ್ಕೂ ‘ಅನ್ನು’ ಅಂಟಿಸುತ್ತಾ ಹೋದರೆ ವಾಕ್ಯ ಸರ್ಕಾರಿ ಸುತ್ತೋಲೆಯ ಹಾಗೆ ಕೇಳಿಸುತ್ತದೆ.

ಇನ್ನೊಂದು ಎಡವುವ ಜಾಗ ‘ಹೋಗಿ, ನೋಡಿ, ಮಾಡಿ’ ಎಂಬ ರೂಪಗಳದು. ವ್ಯಾಕರಣದಲ್ಲಿ ಇವಕ್ಕೆ ಕೃದಂತಾವ್ಯಯ ಎನ್ನುತ್ತಾರೆ. ಕನ್ನಡದ ಉದ್ದನೆಯ ವಾಕ್ಯಗಳೆಲ್ಲ ನಿಂತಿರುವುದೇ ಇವುಗಳ ಮೇಲೆ. ಬೆಳಿಗ್ಗೆ ಎದ್ದು, ಮುಖ ತೊಳೆದು, ತಿಂಡಿ ತಿಂದು, ಬಸ್ಸು ಹತ್ತಿ ಕಾಲೇಜಿಗೆ ಬಂದೆ ಎಂದು ಐದು ಕೆಲಸಗಳನ್ನು ಒಂದೇ ಉಸಿರಿನಲ್ಲಿ ಹೇಳಬಹುದು. ಇಲ್ಲಿ ಎದ್ದವಳು, ತೊಳೆದವಳು, ತಿಂದವಳು, ಬಂದವಳು ಎಲ್ಲ ಒಬ್ಬಳೇ. ಈ ಶರತ್ತು ಮುರಿದರೆ ವಾಕ್ಯ ಕೆಡುತ್ತದೆ. ‘ಕಚೇರಿಗೆ ಹೋಗಿ ವಿಚಾರಿಸಿ ಗುಮಾಸ್ತರು ಅರ್ಜಿ ಕೊಟ್ಟರು’ ಎಂದು ಬರೆದರೆ ಕಚೇರಿಗೆ ಹೋದವರೂ ಗುಮಾಸ್ತರೇ ಎಂದಾಗುತ್ತದೆ. ಹೋದದ್ದು ನೀವಾದರೆ ‘ನಾನು ಕಚೇರಿಗೆ ಹೋಗಿ ವಿಚಾರಿಸಿದಾಗ ಗುಮಾಸ್ತರು ಅರ್ಜಿ ಕೊಟ್ಟರು’ ಎನ್ನಬೇಕು. ಕೆಲಸ ಮಾಡುವವರು ಬದಲಾದ ಕೂಡಲೇ ‘-ದಾಗ’, ‘-ದ್ದರಿಂದ’, ‘-ದ ಮೇಲೆ’ ಇಂಥ ರೂಪ ಬೇಕಾಗುತ್ತದೆ. ‘ಮಳೆ ಬಂದು ಬೆಳೆ ಹಾಳಾಯಿತು’ ಎನ್ನುವಂಥ ಕಡೆ ವಿನಾಯಿತಿ ಇದೆ. ಅಲ್ಲಿ ಮೊದಲನೆಯದು ಎರಡನೆಯದಕ್ಕೆ ನೇರ ಕಾರಣ.

ಕಾಗುಣಿತದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ನಿಯಮಕ್ಕಿಂತ ಓದಿನಿಂದ ಬರುವಂಥದ್ದು. ಅರ್ಥವೇ ಬದಲಾಗುವ ಜೋಡಿಗಳನ್ನು ಮೊದಲು ಸರಿಪಡಿಸಿಕೊಳ್ಳಿ: ಅಕ್ಕಿ ಮತ್ತು ಹಕ್ಕಿ, ಮನೆ ಮತ್ತು ಮಣೆ, ಹುಲಿ ಮತ್ತು ಹುಳಿ, ಪ್ರದಾನ ಮತ್ತು ಪ್ರಧಾನ. ಪ್ರಶಸ್ತಿಯನ್ನು ಕೊಡುವುದು ಪ್ರದಾನ, ಮುಖ್ಯವಾದದ್ದು ಪ್ರಧಾನ. ಆಹ್ವಾನ ಪತ್ರಿಕೆಗಳಲ್ಲೇ ಇದು ಅದಲುಬದಲಾಗಿರುತ್ತದೆ. ಆಮೇಲೆ ಒತ್ತಕ್ಷರಗಳು. ‘ಆಗುತಿತ್ತು’ ಅಲ್ಲ, ‘ಆಗುತ್ತಿತ್ತು’. ಮಹಾಪ್ರಾಣ ಬೇಕೇ ಬೇಡವೇ ಎಂಬ ಚರ್ಚೆ ವಿದ್ವಾಂಸರ ನಡುವೆ ಇದೆ, ಇರಲಿ. ಉತ್ತರ ಪತ್ರಿಕೆಯಲ್ಲಿ ಮಾತ್ರ ‘ವಿದ್ಯಾರ್ಥಿ’ಯ ಥಕಾರ ಇರಲೇಬೇಕು.

ಒಂದು ಪ್ಯಾರಾವನ್ನು ಬಿಚ್ಚಿ ಕಟ್ಟೋಣ

ಪ್ಯಾರಾ ಎಂದರೆ ಒಂದು ವಿಷಯದ ಮೇಲೆ ಹೇಳುವ ಒಂದು ಮಾತು, ಮತ್ತು ಆ ಮಾತು ನಿಲ್ಲಲು ಬೇಕಾದ ಆಧಾರ. ವಿಷಯ ಮತ್ತು ಮಾತು ಬೇರೆ ಬೇರೆ ಎಂಬುದನ್ನು ಗಮನಿಸಬೇಕು. ‘ಶಿವನಸಮುದ್ರ ವಿದ್ಯುತ್ ಯೋಜನೆ’ ಎಂಬುದು ವಿಷಯ. ಅದರ ಬಗ್ಗೆ ನೀವು ಹೇಳುವುದೇನು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಬಹುಪಾಲು ಪ್ಯಾರಾಗಳು ಸೋಲುವುದು ಇಲ್ಲೇ. ವಿಷಯವನ್ನು ಇಟ್ಟುಕೊಂಡು, ಮಾತನ್ನು ತೀರ್ಮಾನಿಸದೆ ಬರೆಯಲು ಶುರುಮಾಡುತ್ತೇವೆ.

ಇತಿಹಾಸದ ಉತ್ತರಗಳಲ್ಲಿ ಮತ್ತೆ ಮತ್ತೆ ಕಾಣುವ ದೋಷಗಳನ್ನು ಒಟ್ಟು ಮಾಡಿ ಇಲ್ಲೊಂದು ಪ್ಯಾರಾ ಬರೆದಿದ್ದೇನೆ. ಮುಂದೆ ಓದುವ ಮೊದಲು ನೀವೇ ಪೆನ್ಸಿಲ್ ಹಿಡಿದು ತಿದ್ದಿ ನೋಡಿ.

‘ಶಿವನಸಮುದ್ರ ವಿದ್ಯುತ್ ಯೋಜನೆಯು ಮೈಸೂರು ಸಂಸ್ತಾನದ ಒಂದು ಪ್ರಮುಖವಾದ ಯೋಜನೆ ಆಗಿದೆ. ಇದು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪಿಸಲ್ಪಟ್ಟಿತು ಮತ್ತು 1902ರಲ್ಲಿ ವಿದ್ಯುತ್ ಉತ್ಪಾದನೆ ಪ್ರಾರಂಭ ಮಾಡಲಾಯಿತು ಮತ್ತು ಇದರಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಸರಬರಾಜು ಆಗುತಿತ್ತು. ಗಣಿಗಳ ಯಂತ್ರಗಳು ವಿದ್ಯುತ್ತಿನಿಂದ ನಡೆಯತೊಡಗಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದವು. ವಿಶ್ವೇಶ್ವರಯ್ಯನವರು ಕೃಷ್ಣರಾಜಸಾಗರ ಕಟ್ಟಿಸಿದರು. ಹೀಗೆ ಮೈಸೂರು ಸಂಸ್ಥಾನವು ಅಭಿವೃದ್ಧಿ ಹೊಂದಿತು.’

ಚಿಕ್ಕ ತಪ್ಪುಗಳು ನಾಲ್ಕು. ‘ಸಂಸ್ತಾನ’ ಎಂಬಲ್ಲಿ ಮಹಾಪ್ರಾಣ ಬೇಕು, ‘ಆಗುತಿತ್ತು’ವಿನಲ್ಲಿ ಒತ್ತು ಬೇಕು, ‘ಯಂತ್ರಗಳು’ ಇದ್ದ ಮೇಲೆ ‘ನಡೆಯತೊಡಗಿದವು’ ಆಗಬೇಕು, ‘ದೀಪ’ ಏಕವಚನವಾದ್ದರಿಂದ ‘ದೀಪ ಬಂತು’ ಅಥವಾ ‘ದೀಪಗಳು ಬಂದವು’ ಎನ್ನಬೇಕು. ಇವನ್ನು ತಿದ್ದಿದರೂ ಪ್ಯಾರಾ ಏಳುವುದಿಲ್ಲ. ನಿಜವಾದ ತೊಂದರೆ ಬೇರೆ ಇದೆ.

ಮೊದಲ ವಾಕ್ಯ ಏನನ್ನೂ ಹೇಳುವುದಿಲ್ಲ. ‘ಒಂದು ಪ್ರಮುಖವಾದ ಯೋಜನೆ ಆಗಿದೆ’ ಎಂಬುದನ್ನು ಯಾವ ಯೋಜನೆಯ ಹೆಸರಿನ ಮುಂದೆ ಇಟ್ಟರೂ ನಡೆಯುತ್ತದೆ. ಎರಡನೆಯ ವಾಕ್ಯದಲ್ಲಿ ಎರಡು ‘ಮತ್ತು’ ಸೇರಿ ಮೂರು ಸಂಗತಿಗಳನ್ನು ಬರಿದೇ ಪಕ್ಕಪಕ್ಕದಲ್ಲಿ ಇಟ್ಟಿವೆ. ‘ರೂಪಿಸಲ್ಪಟ್ಟಿತು’, ‘ಪ್ರಾರಂಭ ಮಾಡಲಾಯಿತು’ ಎಂಬ ಕರ್ಮಣಿ ಪ್ರಯೋಗಗಳಿಂದ ಕೆಲಸ ಮಾಡಿದವರು ಮರೆಯಾಗಿದ್ದಾರೆ. ಕನ್ನಡಕ್ಕೆ ಕರ್ಮಣಿ ಪ್ರಯೋಗ ಸಹಜವಾಗಿ ಒಗ್ಗುವುದಿಲ್ಲ. ‘ರೂಪುಗೊಂಡಿತು’, ‘ಶುರುವಾಯಿತು’ ಎಂಬ ಸುಲಭದ ರೂಪಗಳು ನಮ್ಮಲ್ಲೇ ಇವೆ. ಕೃಷ್ಣರಾಜಸಾಗರ ದೊಡ್ಡ ಸಂಗತಿಯೇ, ಆದರೆ ಅದರ ಕೆಲಸ ಶುರುವಾದದ್ದು 1911ರಲ್ಲಿ. ಅದರ ಕಥೆಗೆ ಬೇರೆ ಪ್ಯಾರಾ ಬೇಕು. ಕೊನೆಯ ವಾಕ್ಯವಂತೂ ಎಲ್ಲ ಉತ್ತರಗಳ ಕೊನೆಯಲ್ಲೂ ಕಾಣಿಸಿಕೊಳ್ಳುವಂಥದ್ದು. ಅದನ್ನು ಹೊಡೆದುಹಾಕಿದರೆ ಏನೂ ಕಳೆದುಹೋಗದು.

ಹಾಗಾದರೆ ಈ ಮಾಹಿತಿಯಿಂದ ಹೇಳಬಹುದಾದ ಮಾತು ಯಾವುದು? 1902, ಗಣಿ. 1905, ಬೀದಿ ದೀಪ. ಎರಡು ಇಸವಿಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಊರಿಗಿಂತ ಮೊದಲು ಗಣಿಗೆ ಯಾಕೆ? ಇದಕ್ಕೆ ಉತ್ತರ ಕೊಡುವುದೇ ಪ್ಯಾರಾದ ಕೆಲಸ.

‘ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಊರುಗಳಿಗಲ್ಲ, ಕೋಲಾರದ ಚಿನ್ನದ ಗಣಿಗಳಿಗೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಈ ಯೋಜನೆ 1902ರಲ್ಲಿ ಕೆಲಸ ಆರಂಭಿಸಿತು. ಕಾವೇರಿಯ ಜಲಪಾತದಿಂದ ಗಣಿಗಳವರೆಗೆ 90 ಮೈಲಿಯಷ್ಟು ದೂರ ತಂತಿ ಎಳೆಯಬೇಕಾಯಿತು. ಅಷ್ಟು ಖರ್ಚಿಗೆ ಕಾರಣವೂ ಇತ್ತು. ಗಣಿಯ ಯಂತ್ರಗಳು ಅಲ್ಲಿಯವರೆಗೆ ಉಗಿಯಿಂದ ನಡೆಯುತ್ತಿದ್ದವು, ಉಗಿಗೆ ಬೇಕಾದ ಇಂಧನ ದುಬಾರಿಯಾಗಿತ್ತು. ವಿದ್ಯುತ್ತಿಗೆ ಹಣ ಕೊಡಬಲ್ಲ ದೊಡ್ಡ ಗಿರಾಕಿ ಗಣಿಯೇ ಆಗಿದ್ದರಿಂದ ಯೋಜನೆ ಅದರ ಸುತ್ತಲೇ ಬೆಳೆಯಿತು. ಬೆಂಗಳೂರಿನ ಬೀದಿಗಳಲ್ಲೂ ಅದೇ ವಿದ್ಯುತ್ತಿನಿಂದ ದೀಪ ಬೆಳಗಿದ್ದು ಮೂರು ವರ್ಷಗಳ ಮೇಲೆ, 1905ರಲ್ಲಿ.’

ಇದರಲ್ಲಿ ಒಂದೂ ‘ಮತ್ತು’ ಇಲ್ಲ. ವಾಕ್ಯಗಳನ್ನು ಹೊಲಿದಿರುವುದು ಬೇರೆ ದಾರ. ‘ಈ ಯೋಜನೆ’, ‘ಅಷ್ಟು ಖರ್ಚಿಗೆ’, ‘ಅದೇ ವಿದ್ಯುತ್ತಿನಿಂದ’ ಎಂಬ ಮಾತುಗಳು ಹಿಂದಿನ ವಾಕ್ಯಗಳನ್ನು ತೋರಿಸುತ್ತವೆ. ‘ಇದರಿಂದ’ ಎಂದು ಬರೆಯುವ ಬದಲು ‘ಈ’ ಪಕ್ಕದಲ್ಲಿ ಹೆಸರನ್ನೇ ಇಡುವುದು ಒಳ್ಳೆಯ ಅಭ್ಯಾಸ. ಯಾವುದರಿಂದ ಎಂಬ ಅನುಮಾನ ಉಳಿಯುವುದಿಲ್ಲ.

ಅದಕ್ಕಿಂತ ಸೂಕ್ಷ್ಮವಾದದ್ದು ‘ಊ’ ಮತ್ತು ‘ಏ’. ‘ಕಾರಣವೂ ಇತ್ತು’, ‘ಬೀದಿಗಳಲ್ಲೂ’, ‘ಗಣಿಯೇ’, ‘ಸುತ್ತಲೇ’. ‘ಗಣಿ ಗಿರಾಕಿ’ ಎಂದರೆ ಬರೀ ಸುದ್ದಿ. ‘ಗಣಿಯೇ ಗಿರಾಕಿ’ ಎಂದರೆ ಬೇರೆ ಯಾರೂ ಅಲ್ಲ ಎಂಬ ವಾದ. ‘ಬೀದಿಗಳಲ್ಲೂ’ ಎಂದಾಗ ಹಿಂದೆ ಹೇಳಿದ ಗಣಿ ತಾನಾಗಿ ನೆನಪಿಗೆ ಬರುತ್ತದೆ. ಒಂದೊಂದೇ ಅಕ್ಷರದಲ್ಲಿ ಇಷ್ಟು ಕೆಲಸ ಮಾಡುವ ಅನುಕೂಲ ನಮ್ಮ ಭಾಷೆಯಲ್ಲಿದೆ. ಆದರೂ ಕಾಲೇಜು ಬರೆಹದಲ್ಲಿ ‘ಅಷ್ಟೇ ಅಲ್ಲದೆ’, ‘ಇದರ ಜೊತೆಗೆ’, ‘ಮುಖ್ಯವಾಗಿ ಹೇಳಬೇಕೆಂದರೆ’ ಎಂಬ ಉದ್ದದ ಜೋಡಣೆಗಳನ್ನೇ ಹುಡುಕುತ್ತೇವೆ. ಬರೆದ ಪ್ಯಾರಾದಲ್ಲಿ ಅಂಥ ಜೋಡಣೆಯೊಂದನ್ನು ಹೊಡೆದು, ಅದರ ಕೆಲಸವನ್ನು ‘ಊ’ ಅಥವಾ ‘ಏ’ಗೆ ಒಪ್ಪಿಸಿ ನೋಡಿ.

ಅಭ್ಯಾಸ ಹೇಗೆ

ವ್ಯಾಕರಣದ ಪುಸ್ತಕವನ್ನು ಮೊದಲ ಪುಟದಿಂದ ಓದಲು ಕೂರಬೇಡಿ. ಹದಿಮೂರನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದಾಗಲೂ ಒಂದೊಂದು ಸೂತ್ರಕ್ಕೂ ಕವಿಗಳ ಪ್ರಯೋಗಗಳನ್ನೇ ಉದಾಹರಣೆಯಾಗಿ ಕೊಟ್ಟ. ಬರೆಹ ಮೊದಲು, ನಿಯಮ ಆಮೇಲೆ. ನಿಮ್ಮದೇ ಹಳೆಯ ಉತ್ತರವೊಂದನ್ನು ತೆಗೆದುಕೊಂಡು ಪ್ರತಿ ಕ್ರಿಯಾಪದಕ್ಕೂ ಗೆರೆ ಎಳೆದು ಕರ್ತೃವನ್ನು ಹುಡುಕಿ. ಸಿಗದಿದ್ದ ಕಡೆ ಪುಸ್ತಕ ತೆರೆಯಿರಿ. ತೀ.ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ ಕೈಗೆ ಹಿಡಿಸುವ ಗಾತ್ರದ್ದು, ಉದಾಹರಣೆಗಳೂ ತಿಳಿಯಾಗಿವೆ.

ಪದದ ಅನುಮಾನಕ್ಕೆ ಕಾಲೇಜು ಗ್ರಂಥಾಲಯದಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಇದ್ದರೆ ಅದೇ ಮೊದಲ ಆಯ್ಕೆ. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯಲ್ಲಿ ಬರೆಯುತ್ತಿದ್ದ ‘ಇಗೋ ಕನ್ನಡ’ ಪುಸ್ತಕವಾಗಿಯೂ ಸಿಗುತ್ತದೆ. ಓದುಗರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳಾದ್ದರಿಂದ ನಮ್ಮ ಅನುಮಾನಗಳೇ ಅಲ್ಲಿ ಇರುತ್ತವೆ. ಮೊಬೈಲಿನಲ್ಲಾದರೆ ವಿ. ಕೃಷ್ಣ ಅವರು ದಶಕಗಳ ಕಾಲ ಶ್ರಮಪಟ್ಟು ಕೂಡಿಸಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು ಮತ್ತು ರಾಜ್ಯ ಸರ್ಕಾರದ ‘ಪದಕಣಜ’ ಇವೆ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

ಪ್ಯಾರಾ ಕಲಿಯಲು ಪತ್ರಿಕೆಯ ಸಂಪಾದಕೀಯ ಪುಟ ಸಾಕು. ಒಂದು ಲೇಖನ ಆರಿಸಿ, ಪ್ರತಿ ಪ್ಯಾರಾದ ಪಕ್ಕದಲ್ಲಿ ‘ಇಲ್ಲಿ ಹೇಳಿದ್ದೇನು’ ಎಂದು ಐದಾರು ಪದಗಳಲ್ಲಿ ಬರೆಯಿರಿ. ಬರೆಯಲಾಗದಿದ್ದರೆ ಆ ಪ್ಯಾರಾವೇ ಸಡಿಲವಾಗಿರಬಹುದು, ಅಚ್ಚಾದದ್ದೆಲ್ಲ ಚೆನ್ನಾಗಿರಬೇಕೆಂದಿಲ್ಲ. ಆಮೇಲೆ ಪತ್ರಿಕೆ ಮುಚ್ಚಿಟ್ಟು, ನೀವು ಬರೆದುಕೊಂಡ ಆ ಒಂದು ಸಾಲಿನಿಂದ ನಿಮ್ಮದೇ ಪ್ಯಾರಾ ಕಟ್ಟಿ. ಫೋನಿಗೆ ಮಾತಾಡಿ ಅಕ್ಷರವಾಗಿಸುವ ಅನುಕೂಲ ಈಗ ಎಲ್ಲರ ಕೈಯಲ್ಲಿದೆ. ಇದಕ್ಕೆ ಅದನ್ನು ಬಳಸಬೇಡಿ. ಪರೀಕ್ಷೆ ಕೈಬರಹದ್ದು, ಒತ್ತಕ್ಷರ ಕೂರಬೇಕಾದದ್ದು ಬೆರಳಿನಲ್ಲಿ.

ಬರೆದದ್ದನ್ನು ದನಿ ತೆಗೆದು ಓದಿ. ಉಸಿರು ಸಾಲದೆ ಹೋದ ಕಡೆ ವಾಕ್ಯ ಉದ್ದವಾಗಿದೆ, ಅಲ್ಲಿ ಕತ್ತರಿಸಿ. ಸಾಧ್ಯವಾದರೆ ಗೆಳತಿಯೊಬ್ಬಳ ಪ್ಯಾರಾವನ್ನು ನೀವು, ನಿಮ್ಮದನ್ನು ಅವಳು ತಿದ್ದಿ. ಇನ್ನೊಬ್ಬರ ತಪ್ಪು ಬೇಗ ಕಾಣುತ್ತದೆ. ಹಾಗೆ ಕಂಡ ತಪ್ಪು ಮುಂದಿನ ಸಲ ನಮ್ಮ ಬರೆಹದಲ್ಲೂ ಕಾಣತೊಡಗುತ್ತದೆ.

ಪರೀಕ್ಷೆಯ ಹಾಲ್‌ನಲ್ಲಿ ದೊಡ್ಡ ಪ್ರಶ್ನೆಗೆ ಉತ್ತರ ಬರೆಯುವ ಮೊದಲು ಹಿಂದಿನ ಪುಟದ ಮೂಲೆಯಲ್ಲಿ ಪೆನ್ಸಿಲ್‌ನಿಂದ ಒಂದೊಂದು ಪ್ಯಾರಾಕ್ಕೆ ಒಂದೊಂದು ಸಾಲು ಗುರುತು ಹಾಕಿಕೊಳ್ಳಿ, ಆಮೇಲೆ ಅಡ್ಡಗೆರೆ ಎಳೆದುಬಿಡಿ. ಕೊನೆಯ ಹತ್ತು ನಿಮಿಷ ತಿದ್ದುವುದಕ್ಕೆ ಉಳಿಸಿ. ಆಗ ಎಲ್ಲವನ್ನೂ ಓದಲು ಸಮಯ ಸಾಲದು, ವಾಕ್ಯಗಳ ಕೊನೆಗಳನ್ನಷ್ಟೇ ನೋಡುತ್ತಾ ಹೋಗಿ: ಇದೆಯೋ ಇವೆಯೋ, ಬಂತೋ ಬಂದವೋ, ಹೇಳಿದನೋ ಹೇಳಿದರೋ. ತಪ್ಪಿದ್ದನ್ನು ಒಂದೇ ಗೆರೆಯಲ್ಲಿ ಹೊಡೆದು ಮೇಲೆ ಸ್ಪಷ್ಟವಾಗಿ ಬರೆಯಿರಿ. ಅಕ್ಷರದ ಮೇಲೆ ಅಕ್ಷರ ತಿದ್ದಿದರೆ ಮೌಲ್ಯಮಾಪನ ಮಾಡುವವರಿಗೆ ಎರಡೂ ಓದಲಾಗುವುದಿಲ್ಲ.